ಕೊರಿಯದ ಮನೆಮಾತಿನಲ್ಲಿ ಮರ್ಯಾದೆ

ಕನ್ನಡದಲ್ಲಿ ‘ನೀನು’, ‘ನೀವು’ ಎಂಬ ಭೇದವುಂಟಷ್ಟೆ. ಕೊರಿಯದ ಭಾಷೆಯಲ್ಲಿ ಈ ಭೇದವು ಬಹು ಸೂಕ್ಷ್ಮವಾಗಿ ಬೆಳೆದು, ಪ್ರತಿಯೊಂದು ಕ್ರಿಯಾಪದದ ಕೊನೆಯಲ್ಲಿಯೂ ಕಾಣಿಸಿಕೊಳ್ಳುವುದು. ಗೌರವದ ನುಡಿಗೆ ‘ಜೊಂಡೆನ್‌ಮಲ್’ ಎಂದೂ ಸಲಿಗೆಯ ನುಡಿಗೆ ‘ಬನ್‌ಮಲ್’ ಎಂದೂ ಹೆಸರು.

ಗೆಳತಿಯನ್ನು ಕಂಡರೆ ‘ಅನ್ಯಂಗ್’ ಎಂದರೆ ಸಾಕು. ಹಿರಿಯರಿಗಾದರೋ ‘ಅನ್ಯಂಗ್‌ಹಸೆಯೊ’ ಎನ್ನಬೇಕು. ಹೊರಡುವವರಿಗೆ ‘ಕ್ಷೇಮವಾಗಿ ಹೋಗಿರಿ’ ಎಂಬರ್ಥದ ‘ಅನ್ಯಂಗ್‌ಹಿ ಗಸೆಯೊ’. ಮನೆಯಲ್ಲಿ ಉಳಿಯುವವರಿಗೆ ‘ಕ್ಷೇಮವಾಗಿರಿ’ ಎಂಬರ್ಥದ ‘ಅನ್ಯಂಗ್‌ಹಿ ಗ್ಯೆಸೆಯೊ’. ಮಕ್ಕಳ ಊಟವು ‘ಬಪ್’. ಅಜ್ಜನ ಊಟವೋ ‘ಜಿಂಜಿ’. ಅಣ್ಣನನ್ನು ತಂಗಿಯು ‘ಒಪ್ಪ’ ಎಂದೂ ತಮ್ಮನು ‘ಹ್ಯೊಂಗ್’ ಎಂದೂ ಕರೆಯುವರು. ಪರಿಚಯವಾದೊಡನೆ ವಯಸ್ಸನ್ನು ವಿಚಾರಿಸುವ ರೂಢಿಗೆ ಇದೇ ಕಾರಣ: ಹಿರಿಯರಾರೆಂದು ತಿಳಿಯದೆ ಮಾತು ಮುಂದುವರಿಯುವುದು ಕಷ್ಟ.

ಈ ಪದ್ಧತಿಯಲ್ಲಿ ಸೊಸೆಯಂದಿರ ಪಾಡು ವಿಚಾರಾರ್ಹವಾದುದು. ಪತಿಯ ಅವಿವಾಹಿತ ತಮ್ಮನನ್ನು ಅವಳು ‘ದೊರ್ಯೊನ್ನಿಮ್’ ಎಂದೂ, ಅವನ ತಂಗಿಯನ್ನು ‘ಅಗಸ್ಸಿ’ ಎಂದೂ ಕರೆಯುವುದು ವಾಡಿಕೆ. ಇವು ಹಿಂದೆ ಒಡೆಯರ ಮಕ್ಕಳಿಗೆ ಸಲ್ಲುತ್ತಿದ್ದ ಸಂಬೋಧನೆಗಳು. ಪತಿಯಾದರೋ ಅವಳ ತಮ್ಮನನ್ನು ಗೌರವಸೂಚಕವಿಲ್ಲದೆ ‘ಛೊನಮ್’ ಎನ್ನುವನು. ಈ ಅಸಮತೆಯ ಬಗ್ಗೆ ದಕ್ಷಿಣ ಕೊರಿಯದಲ್ಲಿ ಬಹಳ ಚರ್ಚೆ ನಡೆದು, 2020ರಲ್ಲಿ ಅಲ್ಲಿನ ರಾಷ್ಟ್ರೀಯ ಭಾಷಾಸಂಸ್ಥೆಯು ಸಂಬೋಧನೆಗಳನ್ನು ಕುರಿತ ಕೈಪಿಡಿಯೊಂದನ್ನು ಪ್ರಕಟಿಸಿತು. ಪತಿಯ ತಮ್ಮ ತಂಗಿಯರನ್ನು ಹೆಸರು ಹಿಡಿದು ಕರೆಯಬಹುದೆಂದು ಅದರಲ್ಲಿ ಹೇಳಿದೆ.

ಮರ್ಯಾದೆಯು ಮನೆಗೆ ಭೂಷಣವೇ ಸರಿ. ಆದರೆ ಕೊಡುವವರು ಯಾವಾಗಲೂ ಒಬ್ಬರೇ, ಪಡೆಯುವವರು ಯಾವಾಗಲೂ ಮತ್ತೊಬ್ಬರೇ ಆದಲ್ಲಿ ಅದು ಹೊರೆಯಾಗುವುದೆಂಬುದನ್ನು ಎಲ್ಲ ಗೃಹಸ್ಥರೂ ನೆನೆಯತಕ್ಕದ್ದು.