ಡ್ರೈಯರ್ ಯಂತ್ರವೂ ಛಾವಣಿಯ ಕೊಳವೆಯೂ

ಒಗೆದ ಬಟ್ಟೆಯನ್ನು ಬಿಸಿಲಿಗೆ ಹರವುವುದು ನಮ್ಮ ನಾಡಿನ ಪದ್ಧತಿ. ಸೂರ್ಯನಾರಾಯಣನು ಕೂಲಿಯಿಲ್ಲದೆ ಮಾಡುವ ಈ ಕೆಲಸವನ್ನು ಅಮೆರಿಕಾ ದೇಶದ ಬಹುತೇಕ ಮನೆಗಳಲ್ಲಿ ಡ್ರೈಯರ್ ಎಂಬ ಯಂತ್ರವು ಮಾಡುತ್ತದೆ. ನಮ್ಮ ಗೃಹಸ್ಥರಲ್ಲಿ ಅನೇಕರ ಮಕ್ಕಳು ಅಲ್ಲಿ ನೆಲೆಸಿರುವುದರಿಂದಲೂ, ತಂದೆತಾಯಿಗಳು ತಿಂಗಳುಗಟ್ಟಲೆ ಅಲ್ಲಿಗೆ ಹೋಗಿ ಇರುವುದು ವಾಡಿಕೆಯಾಗಿರುವುದರಿಂದಲೂ, ಇದರ ವಿಷಯವಾಗಿ ಕೆಲವು ಮಾತುಗಳನ್ನು ಬರೆಯುವುದು ಉಚಿತವೆಂದು ನಾವು ಭಾವಿಸುತ್ತೇವೆ.

ಯಂತ್ರದ ಕ್ರಮವು ಸರಳವಾದುದು. ಉರುಳೆಯಲ್ಲಿ ತಿರುಗುವ ಬಟ್ಟೆಯ ನಡುವೆ ಕಾದ ಗಾಳಿಯು ಹಾಯ್ದು, ತೇವವನ್ನು ಹೀರಿಕೊಂಡು, ೪ ಅಂಗುಲ ಅಗಲದ ಲೋಹದ ಕೊಳವೆಯ ಮಾರ್ಗವಾಗಿ ಹೊರಕ್ಕೆ ಹೋಗುವುದು. ಬಟ್ಟೆಯಿಂದ ಸವೆದ ನೂಲಿನ ಧೂಳೂ ಅದರ ಸಂಗಡ ಹೊರಡುವುದು. ಯಂತ್ರದ ಜಾಲರಿಯು ಬಹುಭಾಗವನ್ನು ತಡೆದರೂ ಉಳಿದುದು ಕೊಳವೆಯ ಒಳಮೈಗೆ ಅಂಟುತ್ತ ಬರುವುದು. ಕೊಳವೆಯು ಗೋಡೆಯ ಮೂಲಕ ನೇರವಾಗಿ ಹೊರಬಿದ್ದರೆ ತೊಂದರೆ ಅಲ್ಪ. ಛಾವಣಿಯ ಮೇಲಕ್ಕೆ ಹೋಗುವ ಕೊಳವೆಯಲ್ಲಾದರೋ ಏರೂ ಹೆಚ್ಚು, ತಿರುವೂ ಹೆಚ್ಚು. ಚಳಿಗಾಲದಲ್ಲಿ ಅಟ್ಟದ ತಣ್ಣನೆಯ ಭಾಗದಲ್ಲಿ ಆವಿಯು ನೀರಾಗಿ ಧೂಳನ್ನು ಹಸಿಹಿಟ್ಟಿನಂತೆ ಮೆತ್ತಿಬಿಡುವುದು. ಮೇಲಣ ಮುಚ್ಚಳವು ಕಣ್ಣಿಗೆ ಬೀಳದ ಕಾರಣ ಅದನ್ನು ವಿಚಾರಿಸುವವರೂ ಇಲ್ಲ.

ಇದು ಕೇವಲ ಕೊಳೆಯ ಮಾತಲ್ಲ, ಪ್ರಾಣದ ಮಾತು. ಈ ಧೂಳು ಅರಳೆಯಂತೆ ಥಟ್ಟನೆ ಹೊತ್ತಿಕೊಳ್ಳತಕ್ಕದ್ದು. ೨೦೦೮ರಿಂದ ೨೦೧೦ರವರೆಗಿನ ಲೆಕ್ಕದಲ್ಲಿ, ವರ್ಷಕ್ಕೆ ಸುಮಾರು ೨೯೦೦ ಬೆಂಕಿಗಳು ಡ್ರೈಯರುಗಳಿಂದ ಉಂಟಾದುವೆಂದೂ, ಶುಚಿಮಾಡದಿರುವುದೇ ಮುಖ್ಯ ಕಾರಣವೆಂದೂ ಆ ದೇಶದ ಸರ್ಕಾರದ ಅಗ್ನಿಶಾಖೆಯು ಪ್ರಕಟಿಸಿತು. ಅನಿಲದಿಂದ ಕಾಯುವ ಯಂತ್ರವಾದರೆ, ಕೊಳವೆ ಕಟ್ಟಿದಾಗ ಕಾರ್ಬನ್ ಮಾನಾಕ್ಸೈಡ್ ಎಂಬ ವಾಸನೆಯಿಲ್ಲದ ವಿಷವಾಯುವು ಮನೆಯೊಳಕ್ಕೇ ತಿರುಗಬಹುದು.

ಕೊಳವೆ ಕಟ್ಟುತ್ತಿರುವುದರ ಲಕ್ಷಣಗಳು ಮೂರು: ಒಂದಾವರ್ತಿಗೆ ಒಣಗುತ್ತಿದ್ದ ಬಟ್ಟೆಗೆ ಎರಡಾವರ್ತಿ ಬೇಕಾಗುವುದು; ಯಂತ್ರದ ಮೈ ಅತಿಯಾಗಿ ಕಾಯುವುದು; ಕೋಣೆಯಲ್ಲಿ ಸೆಕೆಯೂ ಕಮಟು ವಾಸನೆಯೂ ತುಂಬುವುದು.

ಜಾಲರಿಯನ್ನು ಪ್ರತಿ ಸಲವೂ ತೆಗೆದು ಶುಚಿಮಾಡತಕ್ಕದ್ದು. ಕೊಳವೆಯನ್ನು ವರ್ಷಕ್ಕೊಮ್ಮೆಯಾದರೂ ಗುಡಿಸಬೇಕು. ಮೊದಲು ವಿದ್ಯುತ್ತಿನ ಸಂಬಂಧವನ್ನು ಕಳಚಿ, ಅನಿಲವಿದ್ದರೆ ಅದರ ಕೀಲಿಯನ್ನು ಮುಚ್ಚಿ, ಬಳಿಕ ಕೊಳವೆಯನ್ನು ಯಂತ್ರದಿಂದ ಬಿಡಿಸಬೇಕು. ಬಾಗುವ ಕೋಲುಗಳನ್ನು ಒಂದಕ್ಕೊಂದು ಜೋಡಿಸಿದ ಬ್ರಷ್ಷನ್ನು ಕೆಳಗಿನಿಂದ ತಿರುಗಿಸುತ್ತ ಮೇಲಕ್ಕೆ ನೂಕುವುದು ಕ್ರಮ. ತಿರುಗಿಸುವುದು ಯಾವಾಗಲೂ ತಿರುಪು ಬಿಗಿಯುವ ದಿಕ್ಕಿಗೇ ಇರಲಿ. ವಿರುದ್ಧವಾಗಿ ತಿರುಗಿಸಿದರೆ ಕೋಲು ಕಳಚಿ ಬ್ರಷ್ಷು ಒಳಗೇ ಉಳಿಯುವುದು. ಮೇಲಣ ಮುಚ್ಚಳದ ರೆಕ್ಕೆಯು ಸಲೀಸಾಗಿ ಆಡುವುದೇ, ಹಕ್ಕಿ ಗೂಡುಕಟ್ಟಿದೆಯೇ ಎಂಬುದನ್ನೂ ನೋಡಿಸಬೇಕು. ಹಕ್ಕಿಗೆ ಹೆದರಿ ಅಲ್ಲಿ ಸಣ್ಣ ಕಣ್ಣಿನ ಜಾಲರಿಯನ್ನು ಹೊಡೆಯಬಾರದು. ಧೂಳೆಲ್ಲ ಅದಕ್ಕೇ ಕಟ್ಟಿಕೊಳ್ಳುವುದು. ಇಳಿಜಾರು ಛಾವಣಿಯನ್ನು ಹತ್ತುವ ಕೆಲಸವನ್ನು ಬಲ್ಲ ಕೆಲಸಗಾರರಿಗೇ ಬಿಡುವುದು ವಿವೇಕ.

ಕೊಳವೆಯು ನಯವಾದ ಗಟ್ಟಿ ಲೋಹದ್ದಾಗಿರಲಿ. ನಿರಿಗೆಗಳುಳ್ಳ ಪ್ಲಾಸ್ಟಿಕ್ ಕೊಳವೆಯು ಸರ್ವಥಾ ಸಲ್ಲದು. ಅಲ್ಲಿ ಬಳಕೆಯಲ್ಲಿರುವ ಗೃಹನಿರ್ಮಾಣ ನಿಯಮದಂತೆ, ಯಂತ್ರ ತಯಾರಕರು ಬೇರೆ ಹೇಳದಿದ್ದರೆ, ಅದರ ಉದ್ದ ೩೫ ಅಡಿಗಳನ್ನು ಮೀರಬಾರದು. ಸಾಧಾರಣವಾದ ಪ್ರತಿಯೊಂದು ಲಂಬಕೋನದ ತಿರುವಿಗೆ ೫ ಅಡಿಗಳನ್ನು ಕಳೆಯಬೇಕು. ಮನೆಯನ್ನು ಕೊಳ್ಳುವ ಮಕ್ಕಳಿಗೆ ಈ ಲೆಕ್ಕವನ್ನು ಮೊದಲೇ ತಿಳಿಸುವುದೊಳ್ಳೆಯದು.

ಮನೆಯವರೆಲ್ಲ ಮಲಗಿರುವಾಗಲೂ ಹೊರಗೆ ಹೋಗಿರುವಾಗಲೂ ಯಂತ್ರವನ್ನು ನಡೆಸಬಾರದು. ಮಗ ಸೊಸೆಯಂದಿರು ಉದ್ಯೋಗಕ್ಕೆ ಹೊರಟ ಮೇಲೆ ಮನೆಯಲ್ಲಿ ಉಳಿಯುವ ಹಿರಿಯರು ಜಾಲರಿಯ ಕೆಲಸವೊಂದನ್ನು ತಾವು ವಹಿಸಿಕೊಂಡರೆ, ಶ್ರಮವು ಅರೆನಿಮಿಷದ್ದು, ಮನೆಗೆ ಉಪಕಾರವು ಮಹತ್ತರವಾದುದು.