ಹೋಮರನ ಪಕ್ಕದಲ್ಲಿ ವಾಲ್ಮೀಕಿ

ಕೊಲ್ಕತ್ತದ ಜಾದವಪುರ ವಿಶ್ವವಿದ್ಯಾಲಯದ ತೌಲನಿಕ ಸಾಹಿತ್ಯ ವಿಭಾಗ ಶುರುವಾದದ್ದು 1956ರಲ್ಲಿ. ಭಾರತದಲ್ಲಿ ಈ ವಿಷಯಕ್ಕೆಂದೇ ತೆರೆದ ಮೊದಲ ವಿಭಾಗ ಅದು. ಕಟ್ಟಿದವರು ಕವಿ ಬುದ್ಧದೇವ ಬಸು. ಕಾಳಿದಾಸನ ಮೇಘದೂತವನ್ನೂ ಫ್ರೆಂಚ್ ಕವಿ ಬೋದಿಲೇರ್‌ನನ್ನೂ ಬಂಗಾಳಿಗೆ ತಂದವರು ಅವರು. ಬೀಜ ಇನ್ನೂ ಹಳೆಯದು. 1907ರಲ್ಲಿ ರವೀಂದ್ರನಾಥ ಠಾಕೂರರು ರಾಷ್ಟ್ರೀಯ ಶಿಕ್ಷಣ ಪರಿಷತ್ತಿನಲ್ಲಿ ‘ವಿಶ್ವಸಾಹಿತ್ಯ’ ಕುರಿತು ಉಪನ್ಯಾಸ ಕೊಟ್ಟಿದ್ದರು. ಆ ಪರಿಷತ್ತೇ ಬೆಳೆದು ಈ ವಿಶ್ವವಿದ್ಯಾಲಯವಾಯಿತು.

ವಿಭಾಗದ ಸ್ವಭಾವ ತಿಳಿಯಲು ಅಲ್ಲಿ ಪಾಠ ಹೇಳಿದ ಫಾದರ್ ರಾಬರ್ಟ್ ಆಂತ್ವಾನ್ ಒಬ್ಬರನ್ನು ಕಂಡರೆ ಸಾಕು. ಬೆಲ್ಜಿಯಂನಿಂದ ಬಂದ ಈ ಜೆಸ್ಯುಯಿಟ್ ಪಾದ್ರಿ ಗ್ರೀಕ್ ಬಲ್ಲವರು, ಸಂಸ್ಕೃತವನ್ನೂ ಬಲ್ಲವರು. ಪ್ರೌಢಶಾಲೆಯ ಮಕ್ಕಳಿಗಾಗಿ ಸಂಸ್ಕೃತದ ಕೈಪಿಡಿ ಬರೆದರು, ರಘುವಂಶವನ್ನು ಇಂಗ್ಲಿಷಿಗೆ ತಂದರು, ರಾಮಾಯಣ ಹಾಡುಗಾರರ ನೆನಪಿನಲ್ಲಿ ಉಳಿದು ಬೆಳೆದ ಬಗೆಯನ್ನು ಕುರಿತೇ ಒಂದು ಪುಸ್ತಕ ಮಾಡಿದರು. ಹೋಮರನೂ ವಾಲ್ಮೀಕಿಯೂ ಒಬ್ಬರೇ ಮೇಷ್ಟರ ಬಾಯಲ್ಲಿ, ಅವರವರ ಮೂಲಭಾಷೆಯಲ್ಲೇ ಸಿಗುವ ಭಾಗ್ಯ ಎಲ್ಲ ಕಡೆ ಇರಲಿಲ್ಲ.

ಇಲ್ಲಿ ಹೋಲಿಕೆ ಎಂದರೆ ಯಾರು ದೊಡ್ಡವರು ಎಂದು ತೂಗುವುದಲ್ಲ. ಹೋಮರನಲ್ಲಿ ಅಖಿಲೀಸ್ ಮತ್ತೆ ಮತ್ತೆ ‘ಚುರುಕುಗಾಲಿನವ’. ವಾಲ್ಮೀಕಿಯ ವೀರರು ಮತ್ತೆ ಮತ್ತೆ ‘ಮಹಾಬಾಹು’, ‘ಮಹಾತೇಜ’. ಇಂಥ ಸಿದ್ಧ ನುಡಿಗಟ್ಟುಗಳು ಹಾಡುತ್ತಲೇ ಕಾವ್ಯ ಕಟ್ಟುವವನ ಊರುಗೋಲು ಎಂದು ಹೋಮರನ ವಿದ್ವಾಂಸ ಮಿಲ್ಮನ್ ಪ್ಯಾರಿ 1930ರ ದಶಕದಲ್ಲಿ ಯುಗೊಸ್ಲಾವಿಯಾದ ಗಾಯಕರನ್ನು ಕೇಳಿ ದೃಢಪಡಿಸಿಕೊಂಡಿದ್ದರು. ಜಾದವಪುರದ ಮೊದಲ ವಿದ್ಯಾರ್ಥಿಗಳಲ್ಲಿ ಒಬ್ಬರಾದ ನವನೀತಾ ದೇವ್ ಸೇನ್ ಅದೇ ಬಗೆಯಲ್ಲಿ ವಾಲ್ಮೀಕಿಯ ಬಾಲಕಾಂಡವನ್ನು ಪರಿಶೀಲಿಸಿದರು. ಇದೇ ಕುತೂಹಲದ ದಾರಿ ತುಳುನಾಡಿಗೂ ಬಂದಿದೆ: ಗೋಪಾಲ ನಾಯ್ಕರು ಹಾಡಿದ, 15 ಸಾವಿರ ಸಾಲು ಮೀರಿದ ಸಿರಿ ಪಾಡ್ದನವನ್ನು ಫಿನ್‌ಲೆಂಡಿನ ಲೌರಿ ಹೊಂಕೊ 1998ರಲ್ಲಿ ಪ್ರಕಟಿಸಿದರು.

ಈ ಓದಿಗೆ ಭಾಷೆಗಳು ಬೇಕು, ಭಾಷೆಗಳಿಗೆ ವರ್ಷಗಳು ಬೇಕು. ಎರಡು ವರ್ಷದ ಎಂ.ಎ.ಯಲ್ಲಿ ಅಷ್ಟು ಬಿಡುವೆಲ್ಲಿ? ಹಾಗಾಗಿ ನೆರೆಯ ಭಾಷೆಯೂ ಅನುವಾದದಲ್ಲೇ ಕೈಸೇರುತ್ತದೆ. ಹೊರಗಿನವರು ವಚನಗಳನ್ನು ಓದುವುದು ಹೆಚ್ಚಾಗಿ ಎ.ಕೆ. ರಾಮಾನುಜನ್ ಅವರ 1973ರ ಇಂಗ್ಲಿಷ್ ಅನುವಾದದಲ್ಲಿ. ಅನುವಾದ ಸೊಗಸಾಗಿದೆ, ನಿಜ. ಆದರೆ ನೂರು ವರ್ಷಕ್ಕೂ ಹಿಂದೆ ಬಿ. ವೆಂಕಟಾಚಾರ್ಯರು ಬಂಗಾಳಿಯನ್ನೇ ಕಲಿತು, ಬಂಕಿಮಚಂದ್ರರನ್ನು ನಡುವೆ ಇನ್ನೊಂದು ಭಾಷೆಯಿಲ್ಲದೆ ಕನ್ನಡದ ಮನೆಗಳಿಗೆ ಕರೆತಂದಿದ್ದರು.