ಹಳೆಯ ಜಾವಾ ಕೊಳ್ಳುವ ಮುನ್ನ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಅವರ ಕಾಲಕ್ಕೆ ಮೋಟಾರ್ ಸೈಕಲ್ ಬಂದಿದ್ದರೆ, ಹಳೆಯದೊಂದನ್ನು ಕೊಂಡು ರಿಪೇರಿ ಮಾಡಿಸಿ ನೋಡು ಎಂಬ ಮೂರನೆಯ ಮಾತನ್ನೂ ಸೇರಿಸುತ್ತಿದ್ದರೋ ಏನೋ! ಮೊದಲೆರಡರಂತೆ ಇದರಲ್ಲಿಯೂ ಅಂದಾಜಿನ ವೆಚ್ಚವೇ ಒಂದು, ಕೈಬಿಟ್ಟು ಹೋಗುವ ಹಣವೇ ಇನ್ನೊಂದು.

ಕನ್ನಡ ನಾಡಿನಲ್ಲಿ ಈ ಮೋಹಕ್ಕೆ ಹೆಚ್ಚಾಗಿ ಗುರಿಯಾಗುವುದು ಮೈಸೂರಿನ ಜಾವಾ. ಚೆಕೊಸ್ಲೊವಾಕಿಯಾದ ಜಾವಾ ಸಂಸ್ಥೆಯ ಪರವಾನಗಿ ಪಡೆದು, ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಆರಂಭದಲ್ಲಿ ಇದನ್ನು ತಯಾರಿಸತೊಡಗಿತು. 1970ರ ದಶಕದಲ್ಲಿ ಹೆಸರು ಯೆಜ್ಡಿಯಾಯಿತು; 1996ರಲ್ಲಿ ಕಾರ್ಖಾನೆ ಮುಚ್ಚಿತು. ತಂದೆಯ ಹಿಂದೆ ಕುಳಿತು ಇದರ ಜೋಡಿ ಸೈಲೆನ್ಸರ್‌ಗಳ ಸದ್ದು ಕೇಳಿದ ಮಕ್ಕಳು ಇಂದು ನಡುವಯಸ್ಸಿನವರು. ಯಾರದೋ ಕೊಟ್ಟಿಗೆಯಲ್ಲಿ ಧೂಳು ಹೊದ್ದು ನಿಂತ ಜಾವಾ ಕಣ್ಣಿಗೆ ಬಿದ್ದರೆ ಅವರ ಮನಸ್ಸು ಕರಗುವುದು ಸಹಜ. ಆದರೆ ಕರಗಿದ ಮನಸ್ಸು ಬೆಲೆ ಕಟ್ಟಲಾರದು.

ಮೊದಲು ನೋಡಬೇಕಾದದ್ದು ಗಾಡಿಯನ್ನಲ್ಲ, ಕಾಗದವನ್ನು. ಎಂಜಿನ್ನಿನ ಮೇಲಿನ ಸಂಖ್ಯೆಯೂ ಚಾಸಿಯ ಸಂಖ್ಯೆಯೂ ಆರ್.ಸಿ. ಪುಸ್ತಕದೊಡನೆ ಅಂಕಿಗೆ ಅಂಕಿ ತಾಳೆಯಾಗಬೇಕು. ಒಂದರ ಎಂಜಿನ್ನನ್ನು ಇನ್ನೊಂದಕ್ಕೆ ಕೂಡಿಸಿದ ಗಾಡಿಗಳುಂಟು. ಅಂಕಿಯನ್ನು ಉಜ್ಜಿ ಮತ್ತೆ ಕೊರೆದ ಗುರುತು ಕಂಡರಂತೂ ಅಲ್ಲಿಂದ ಹೊರಡುವುದೇ ಲೇಸು. ಸ್ವಂತ ಬಳಕೆಯ ವಾಹನದ ನೋಂದಣಿ 15 ವರ್ಷಗಳವರೆಗೆ. ಆಮೇಲೆ ಸಾರಿಗೆ ಕಚೇರಿಯ ತಪಾಸಣೆಗೆ ಒಪ್ಪಿಸಿ, ಶುಲ್ಕ ಕಟ್ಟಿ, 5 ವರ್ಷಕ್ಕೊಮ್ಮೆ ನವೀಕರಿಸಬೇಕು. ದಾಖಲೆಯಲ್ಲಿರುವ ಒಡೆಯ ತೀರಿಹೋಗಿದ್ದರೆ ವಾರಸುದಾರರ ಹೆಸರಿನ ವ್ಯವಹಾರ ಮೊದಲು ಇತ್ಯರ್ಥವಾಗಬೇಕು. ಕಾಗದವಿಲ್ಲದ ಜಾವಾ ಎಷ್ಟೇ ಅಗ್ಗಕ್ಕೆ ದೊರೆತರೂ ಅಂಗಳದ ಅಲಂಕಾರವೇ ಹೊರತು ವಾಹನವಲ್ಲ.

ಕಾಗದ ಸರಿಯಿದ್ದರೆ ಎರಡನೆಯ ಪ್ರಶ್ನೆ: ಗಾಡಿ ಪೂರ್ಣವಾಗಿದೆಯೆ? ಹೊಸಬರು ಸಾಮಾನ್ಯವಾಗಿ ‘ಸ್ಟಾರ್ಟ್ ಆಗುತ್ತದೆಯೆ’ ಎಂದು ಕೇಳುತ್ತಾರೆ. ಅದು ಅಷ್ಟು ಮುಖ್ಯವಲ್ಲ. ನಿಂತ ಎಂಜಿನ್ನನ್ನು ಓಡಿಸಬಹುದು. ಕಳೆದುಹೋದ ಭಾಗಗಳನ್ನು ಹುಡುಕುವುದರಲ್ಲಿ ವರ್ಷಗಳೇ ಕಳೆದಾವು. ಜಾವಾದಲ್ಲಿ ಕಿಕ್ ಹೊಡೆಯುವ ಸನ್ನೆಯೇ ಮುಂದಕ್ಕೆ ಮಡಚಿದರೆ ಗೇರ್ ಹಾಕುವ ಸನ್ನೆಯಾಗುತ್ತದೆ. ಇಂಥ ವಿಶೇಷ ಭಾಗಗಳಿಗೆ ಬೇರೆ ಗಾಡಿಯ ಸಾಮಾನು ಹೊಂದದು. 2018ರಲ್ಲಿ ಜಾವಾ ಎಂಬ ಹೆಸರು ಮತ್ತೆ ಮಾರುಕಟ್ಟೆಗೆ ಬಂದಿತು, ನಿಜ. ಆದರೆ ಅದರದು ಫೋರ್ ಸ್ಟ್ರೋಕ್ ಎಂಜಿನ್, ಹಳೆಯದು ಟೂ ಸ್ಟ್ರೋಕ್. ಹೆಸರೊಂದೇ ಆದರೂ ಅದರ ಎಂಜಿನ್ ಭಾಗ ಇದಕ್ಕೆ ಒದಗದು.

ಅನಂತರ ಎಂಜಿನ್ನಿನ ಪರೀಕ್ಷೆ. ಪ್ಲಗ್ಗನ್ನು ಬಿಚ್ಚಿ ಮೆಲ್ಲನೆ ಕಿಕ್ ಒತ್ತಿದರೆ ಪಿಸ್ಟನ್ ಅಲುಗಬೇಕು. ಅಲುಗದಿದ್ದರೆ ಬಲಪ್ರಯೋಗ ಸಲ್ಲದು. ತುಕ್ಕು ಹಿಡಿದು ಕಚ್ಚಿಕೊಂಡಿರಬಹುದು, ಎಣ್ಣೆ ಸಾಲದೆ ಪಿಸ್ಟನ್ ಸವೆದು ಸಿಕ್ಕಿರಲೂಬಹುದು. ಸಿಲಿಂಡರ್ ಸವೆದಿದ್ದರೆ ಬೋರ್ ಮಾಡಿಸಿ ದೊಡ್ಡ ಪಿಸ್ಟನ್ ಕೂಡಿಸುವ ದಾರಿಯುಂಟು. ಆದರೆ ಹಿಂದೆ ಎಷ್ಟು ಸಲ ಬೋರ್ ಆಗಿದೆಯೆಂದು ತಿಳಿಯಬೇಕು, ಏಕೆಂದರೆ ಅದಕ್ಕೂ ಮಿತಿಯಿದೆ. ಕ್ರ್ಯಾಂಕಿನ ಕೆಲಸ ಇನ್ನೂ ದುಬಾರಿ. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲ್ ಮಿಶ್ರಣ ಕ್ರ್ಯಾಂಕಿನ ಕೋಣೆಯ ಮೂಲಕವೇ ಹಾಯುವುದರಿಂದ, ಅಲ್ಲಿನ ಸೀಲುಗಳು ಒಣಗಿ ಗಾಳಿ ನುಗ್ಗಿದರೆ ಎಂಜಿನ್ ಹದ ತಪ್ಪುತ್ತದೆ. ಹಿಂದಿನಿಂದ ನೋಡಿದಾಗ ಎರಡು ಚಕ್ರಗಳೂ ಒಂದೇ ಸಾಲಿನಲ್ಲಿ ಕಾಣದಿದ್ದರೆ ಹಳೆಯ ಅಪಘಾತವನ್ನು ಶಂಕಿಸಬೇಕು. ಹೊಳೆಯುವ ಹೊಸ ಬಣ್ಣ ಹಲವು ಪಾಪಗಳನ್ನು ಮುಚ್ಚುತ್ತದೆ; ಟ್ಯಾಂಕಿನ ಮುಚ್ಚಳ ತೆರೆದು ಒಳಗಿನ ತುಕ್ಕನ್ನು ನೋಡಿದರೆ ಸತ್ಯ ತಿಳಿದೀತು.

ಕೊನೆಯದು ಲೆಕ್ಕ. ಬೇಕಾದ ಭಾಗ, ಮೆಕ್ಯಾನಿಕ್ಕಿನ ಕೂಲಿ, ಬಣ್ಣ, ಟಯರು, ನೋಂದಣಿ, ವಿಮೆ ಎಲ್ಲವನ್ನೂ ಬರೆದು ಗಾಡಿಯ ಬೆಲೆಯೊಡನೆ ಕೂಡಿಸಬೇಕು; ಬಿಚ್ಚಿದ ಮೇಲೆ ಹೊರಬೀಳುವ ದೋಷಗಳಿಗೆಂದು ಒಂದು ಪಾಲನ್ನು ಬೇರೆಯಾಗಿಯೇ ಇಡಬೇಕು. ಆ ಮೊತ್ತವನ್ನು ಆಗಲೇ ಸರಿಮಾಡಿ ಓಡುತ್ತಿರುವ ಇನ್ನೊಂದು ಜಾವಾದ ಬೆಲೆಯೊಡನೆ ಹೋಲಿಸಿದರೆ, ಅನೇಕ ವೇಳೆ ಓಡುವ ಗಾಡಿಯೇ ಅಗ್ಗವೆನಿಸುತ್ತದೆ. ಕಚೇರಿಗೆ ಹೋಗಿಬರಲು ಅಗ್ಗದ ವಾಹನ ಬೇಕೆಂಬವರಿಗೆ ಈ ಉಸಾಬರಿ ತಕ್ಕುದಲ್ಲ. ಮಗಳ ಕಾಲೇಜಿನ ಶುಲ್ಕಕ್ಕೆಂದು ತೆಗೆದಿಟ್ಟ ಹಣಕ್ಕೆ ಕೈಹಾಕಬೇಕಾದವರಿಗಂತೂ ಇದು ಸಲ್ಲವೇ ಸಲ್ಲದು.

ಆದರೆ ಭಾನುವಾರಗಳನ್ನು ಎಣ್ಣೆ ಮೆತ್ತಿದ ಕೈಯಲ್ಲಿ ಕಳೆಯುವುದೇ ಸುಖವೆನ್ನುವವರಿಗೆ, ಅರ್ಧ ಬಿಚ್ಚಿದ ಎಂಜಿನ್ನನ್ನು ಆರು ತಿಂಗಳಾದರೂ ಸೈರಿಸಬಲ್ಲ ಮನೆಮಂದಿಯನ್ನು ಪಡೆದವರಿಗೆ, ಲೆಕ್ಕ ಬೇರೆ. ಕಾಗದ ಸರಿಯಿದ್ದು, ಚೌಕಟ್ಟು ನೇರವಿದ್ದು, ಗಾಡಿ ಪೂರ್ಣವಾಗಿದ್ದರೆ ಅವರು ಕೊಳ್ಳಬಹುದು. ಅವರು ತೆರುವುದು ಗಾಡಿಯ ಬೆಲೆಯನ್ನಷ್ಟೇ ಅಲ್ಲ, ಒಂದು ವಿದ್ಯೆಯ ಗುರುದಕ್ಷಿಣೆಯನ್ನೂ ಹೌದು.